ಕುಲುಮೆಗೆ ಹೋಗಿಬಂದ ನೀಲ

ಎಳ್ಳುಕಾಳಿನಷ್ಟು ಚಿಕ್ಕ ಆ ಚುಕ್ಕೆ ಇದ್ದಲ್ಲೇ ಇತ್ತು.

ಚಿದಾನಂದ್ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದರು. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಂಡು ಮತ್ತೆ ಬಗ್ಗಿದರು. ಹರಳಿನ ನೆತ್ತಿಯ ಕೆಳಗೆ, ಕೊಂಚ ಎಡಕ್ಕೆ, ಅದೇ ಚುಕ್ಕೆ. ಅದರ ಬಲಕ್ಕೆ ಮೂರು ಪಟ್ಟೆಗಳು. ಮೂರೂ ಒಂದೇ ಕಡೆ, ಮೊಣಕೈ ಮಡಿಸಿದಂತೆ ಬಾಗಿದ್ದವು. ನಡುವಿನ ಪಟ್ಟೆ ಒಂದು ತುದಿಯಲ್ಲಿ ತುಂಡಾಗಿತ್ತು.

ಮೇಜಿನ ಮೇಲೆ ರಟ್ಟಿನ ಹಳೆಯ ನೋಟ್‌ಬುಕ್ಕು ಬಿಚ್ಚಿಕೊಂಡು ಬಿದ್ದಿತ್ತು. ಹನ್ನೊಂದು ವರ್ಷದ ಹಿಂದೆ ಅವರೇ ಪೆನ್ಸಿಲಿನಲ್ಲಿ ಬರೆದ ಚಿತ್ರ ಅದರಲ್ಲಿತ್ತು. ಒಂದು ಚುಕ್ಕೆ, ಮೂರು ಪಟ್ಟೆ, ನಡುವಿನದು ತುಂಡು. ಪಕ್ಕದಲ್ಲಿ ಅವರದೇ ಅಕ್ಷರ: ‘ನೀಲ. ಬಣ್ಣ ತೀರಾ ತೆಳು, ಪಟ್ಟೆಗಳು ಹಾಲಿನಂತೆ ಮಸುಕು. ತೂಕ ೪.೮೨ ಕ್ಯಾರೆಟ್.’

ಈಗ ಕಣ್ಣೆದುರಿಗಿದ್ದ ಹರಳು ಹಾಲಿನಂತಿರಲಿಲ್ಲ. ಮಸಿಕುಡಿಕೆಯ ತಳದಂಥ ಕಡುನೀಲಿ. ಉಂಗುರದಿಂದ ಬಿಡಿಸಿ ತೂಗಿದರೆ ೪.೬೩.

ಹಿಂದಿನ ದಿನ ಸಿರಿ ಎಂಬ ಹುಡುಗಿ ತಂದೆಯ ಹೆಸರು ಬರೆಸಿ ತನ್ನ ನಿಶ್ಚಿತಾರ್ಥದ ಉಂಗುರವನ್ನು ಪರೀಕ್ಷೆಗೆಂದು ಬಿಟ್ಟುಹೋದಾಗಿನಿಂದ ಅವರನ್ನು ಕೊರೆಯುತ್ತಿದ್ದುದು ಒಂದೇ ಪ್ರಶ್ನೆ: ಬನಶಂಕರಿಯ ಶಾಂತವೀರಪ್ಪನವರ ಮನೆಯಿಂದ ೨೦೧೪ರಲ್ಲಿ ಕಾಣೆಯಾದ ನೀಲ ಇದೇ ಇರಬಹುದೇ?

ಇದೇ. ಇನ್ನು ಅನುಮಾನವಿರಲಿಲ್ಲ.

ಚುಕ್ಕೆಯ ಸುತ್ತ ಈಗ ಹೊಸದೊಂದು ಬಿರುಕಿತ್ತು, ಬಳೆಯಂತೆ ದುಂಡಗೆ. ಒಳಗೆ ಸಿಕ್ಕಿಕೊಂಡ ಕಣ ಬಿಸಿಗೆ ಹಿಗ್ಗಿ ಸುತ್ತಲಿನ ಹರಳನ್ನು ಸೀಳಿದಾಗ ಬೀಳುವ ಗುರುತು ಅದು. ಈ ಹರಳು ಕುಲುಮೆಗೆ ಹೋಗಿಬಂದಿದೆ. ತೂಕ ಇಳಿದದ್ದೂ ಅದಕ್ಕೇ. ಕಾಯಿಸಿದ ಹರಳಿನ ಮೈ ಒರಟಾಗುತ್ತದೆ, ಮತ್ತೆ ಸಾಣೆ ಹಿಡಿಯಬೇಕಾಗುತ್ತದೆ.

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದಿನ ಈ ಮಹಡಿಯಲ್ಲಿ ಚಿದಾನಂದ್ ಇಪ್ಪತ್ತೆಂಟು ವರ್ಷದಿಂದ ಹರಳು ಪರೀಕ್ಷೆ ಮಾಡುತ್ತಿದ್ದರು. ಕಲಿಯಲು ಬಂದ ಪ್ರತಿಯೊಬ್ಬರಿಗೂ ಅವರು ಮೊದಲ ದಿನ ಹೇಳುತ್ತಿದ್ದ ಮಾತು, ಬಣ್ಣವನ್ನು ನಂಬಬೇಡಿ ಎಂಬುದು.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಅವರೇ ನಂಬಿದ್ದರು.

ಶಾಂತವೀರಪ್ಪನವರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದ ಈಶ್ವರಮ್ಮನವರ ಮೇಲೆ ಕಳವಿನ ದೂರು ಬಿದ್ದಿತ್ತು. ಬೀರುವಿನ ಬೀಗದಕೈ ಅವರ ಬಳಿಯೂ ಇರುತ್ತಿತ್ತೆಂಬುದೇ ಕಾರಣ. ಸ್ಟೇಷನ್ನಿನಲ್ಲಿ ಆಕೆ ಹೇಳಿದ್ದು ಒಂದೇ ಮಾತು: “ಹರಳು ಚಿಕ್ಕಯ್ಯನ ಹತ್ರ ಇದೆ, ಹೋಗಿ ನೋಡಿ.” ಚಿಕ್ಕಯ್ಯ ಎಂದರೆ ಶಾಂತವೀರಪ್ಪನವರ ತಮ್ಮ ವಿಜಯಕುಮಾರ್. ಪೊಲೀಸರು ಹೋಗಿ ನೋಡಿದರು. ಆತನ ಬಳಿ ಒಂದು ನೀಲವಿದ್ದದ್ದು ನಿಜ. ಆದರೆ ಕಡುನೀಲಿ. ಬೀರುವಿನಲ್ಲಿ ಉಳಿದಿದ್ದ ಖಾಲಿ ಡಬ್ಬಿಯೊಳಗೆ ಚಿದಾನಂದರ ಹಳೆಯ ರಿಪೋರ್ಟ್ ಸಿಕ್ಕಿದ್ದರಿಂದ ಹರಳನ್ನು ಅವರ ಬಳಿಗೇ ತಂದರು.

ಕೆಳಗೆ ಜೀಪು ನಿಂತಿತ್ತು. ಸಬ್ ಇನ್‌ಸ್ಪೆಕ್ಟರ್ ಕೂರಲಿಲ್ಲ, ಬಾಗಿಲಲ್ಲೇ ನಿಂತಿದ್ದ. ಚಿದಾನಂದ್ ಹರಳನ್ನು ಕಿಟಕಿಗೆ ಹಿಡಿದು ನೋಡಿದರು, ತೂಗಿದರು, ನೋಟ್‌ಬುಕ್ಕಿನ ಎರಡು ಸಾಲು ಓದಿದರು. ಮೈಕ್ರೋಸ್ಕೋಪಿನ ಮೇಲಿದ್ದ ಬಟ್ಟೆಯ ಹೊದಿಕೆಯನ್ನು ತೆಗೆಯಲೇ ಇಲ್ಲ. ತೆಗೆಯುವ ಅಗತ್ಯ ಕಾಣಲಿಲ್ಲ.

‘ಪರೀಕ್ಷೆಗೆ ತಂದ ಹರಳೂ ಕಳುವಾದ ಹರಳೂ ಬೇರೆ ಬೇರೆ’ ಎಂದು ಬರೆದು ಸಹಿ ಹಾಕಿದರು.

ಆ ಸಾಲಿನಿಂದ ವಿಜಯಕುಮಾರ್ ಮನೆಗೆ ಹೋದರು. ಈಶ್ವರಮ್ಮ ಜೈಲಿಗೆ ಹೋದರು. ಜಾಮೀನಿಗೆ ಯಾರೂ ಬಾರದೆ ನಾಲ್ಕು ತಿಂಗಳು ಒಳಗಿದ್ದರು. ಆರು ವರ್ಷದ ಮೇಲೆ ಸಾಕ್ಷಿ ಸಾಲದೆಂದು ಕೇಸು ಬಿದ್ದುಹೋಯಿತು. ಅಷ್ಟು ಹೊತ್ತಿಗೆ ಆಕೆಯನ್ನು ಅಡಿಗೆಮನೆಯೊಳಗೆ ಬಿಟ್ಟುಕೊಳ್ಳುವವರು ಯಾರೂ ಉಳಿದಿರಲಿಲ್ಲವೆಂದು ಚಿದಾನಂದ್ ಯಾರಿಂದಲೋ ಕೇಳಿದ್ದರು. ಕೇಳಿ ಪಾಪ ಎಂದಿದ್ದರು, ಅಷ್ಟೆ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು.

ಸಿರಿ ಕೈಯಲ್ಲಿ ಹೆಲ್ಮೆಟ್ ಹಿಡಿದು ಒಳಗೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಶಾಂತವೀರಪ್ಪನವರ ಒಬ್ಬಳೇ ಮಗಳು. ತಂದೆ ತೀರಿಕೊಂಡು ಮೂರು ವರ್ಷವಾಗಿತ್ತು. ತಾಯಿ ನೀಲಗಂಗಮ್ಮನವರ ಜೊತೆ ಅದೇ ಬನಶಂಕರಿಯ ಮನೆಯಲ್ಲಿದ್ದಳು.

“ರಿಪೋರ್ಟ್ ರೆಡಿನಾ ಅಂಕಲ್?”

“ಕೂತ್ಕೋಮ್ಮ. ಈ ಉಂಗುರ ಯಾರು ಕೊಟ್ಟಿದ್ದು ನಿನಗೆ?”

“ಚಿಕ್ಕಪ್ಪ. ನಿಶ್ಚಿತಾರ್ಥಕ್ಕೆ ಹಾಕ್ಕೋ ಅಂತ. ಯಾಕೆ, ಡೂಪ್ಲಿಕೇಟಾ?”

“ಅಲ್ಲ. ಅಪ್ಪಟ ನೀಲ.”

“ಮತ್ತೆ ಯಾಕೆ ಹೀಗೆ ನೋಡ್ತಿದೀರಾ?”

ಚಿದಾನಂದ್ ಎದ್ದು ಕಿಟಕಿಯ ಪರದೆ ಎಳೆದರು. ಕೋಣೆ ಕತ್ತಲಾಯಿತು. ಹರಳನ್ನು ಕಪ್ಪು ಡಬ್ಬಿಯೊಳಗಿಟ್ಟು ಅಲ್ಟ್ರಾವಯಲೆಟ್ ದೀಪ ಹಾಕಿ, ಮೇಲಿನ ಕಿಂಡಿಯಲ್ಲಿ ನೋಡುವಂತೆ ಸನ್ನೆ ಮಾಡಿದರು.

“ಏನು ಕಾಣತ್ತೆ?”

“ಮಂಕಾಗಿ ಹೊಳೀತಿದೆ. ಸೀಮೆಸುಣ್ಣದ ಪುಡಿ ಥರ.” ಅವಳು ಇನ್ನಷ್ಟು ಬಗ್ಗಿದಳು. “ಪೂರ್ತಿ ಅಲ್ಲ. ಮಧ್ಯೆ ಮಧ್ಯೆ ಕಪ್ಪು ಗೆರೆ ಇದೆ.”

“ಎಷ್ಟು?”

“ಮೂರು. ಬಗ್ಗಿವೆ.”

“ನಡುವಿನದು?”

“ತುಂಡಾಗಿದೆ.”

ಚಿದಾನಂದ್ ದೀಪ ಆರಿಸಲಿಲ್ಲ. ಕತ್ತಲಲ್ಲಿ ಹೇಳುವುದೇ ಸುಲಭವೆನಿಸಿತು.

“ನೀಲದ ಮೈ ಅಂದ್ರೆ ಬರೀ ಅಲ್ಯುಮಿನಿಯಂ, ಆಕ್ಸಿಜನ್. ಅದಕ್ಕೆ ಬಣ್ಣ ಇಲ್ಲ, ನೀರಿನ ಥರ. ಚೂರು ಕಬ್ಬಿಣ ಸೇರಿದ್ರೆ ತೆಳು ಹಳದಿ. ಬರೀ ಟೈಟಾನಿಯಂ ಸೇರಿದ್ರೆ ಬಣ್ಣಾನೇ ಬರಲ್ಲ.”

“ಹಾಗಾದ್ರೆ ನೀಲಿ?”

“ಎರಡೂ ಅಕ್ಕಪಕ್ಕ ಬಂದಾಗ. ಬೆಳಕು ಬಿದ್ರೆ ಕಬ್ಬಿಣದ ಅಯಾನಿಂದ ಒಂದು ಎಲೆಕ್ಟ್ರಾನು ಪಕ್ಕದ ಟೈಟಾನಿಯಂಗೆ ಜಿಗಿಯತ್ತೆ. ಬೆಳಕಲ್ಲಿರೋ ಕೆಂಪು, ಹಳದಿ ಆ ಜಿಗಿತಕ್ಕೇ ಖರ್ಚಾಗತ್ತೆ. ನಮ್ಮ ಕಣ್ಣಿಗೆ ಉಳಿಯೋದು ನೀಲಿ. ಒಂದೊಂದೇ ಇದ್ರೆ ಈ ಬಣ್ಣ ಹುಟ್ಟೋದೇ ಇಲ್ಲ.”

ಸಿರಿ ಕಿಂಡಿಯಿಂದ ಮುಖ ತೆಗೆಯದೆ ಕೇಳುತ್ತಿದ್ದಳು.

“ಕೆಲವು ಹರಳಲ್ಲಿ ಟೈಟಾನಿಯಂ ಕೂದಲೆಳೆಯಂಥ ಸೂಜಿಗಳಾಗಿ ಬೇರೆಯೇ ಗುಂಪು ಕಟ್ಕೊಂಡಿರತ್ತೆ. ಕಬ್ಬಿಣದ ಜೊತೆ ಸೇರಿರಲ್ಲ. ಆಗ ಆ ಜಾಗ ಹಾಲು ಹಾಲಾಗಿ ಕಾಣತ್ತೆ. ಅಂಥ ಹರಳನ್ನ ಸಾವಿರದ ಆರುನೂರು ಡಿಗ್ರಿ ದಾಟೋ ಹಾಗೆ ಕಾಯಿಸಿದ್ರೆ ಸೂಜಿಗಳು ಕರಗ್ತವೆ. ಟೈಟಾನಿಯಂ ಹೋಗಿ ಕಬ್ಬಿಣದ ಪಕ್ಕ ಕೂರತ್ತೆ. ಹಾಲಿದ್ದ ಜಾಗ ಕಡುನೀಲಿ ಆಗತ್ತೆ.”

“ಈ ಹೊಳೆಯೋದು?”

“ಜೊತೆ ಸಿಗದೆ ಉಳಿದ ಟೈಟಾನಿಯಂ. ಅದು ಈ ದೀಪಕ್ಕೆ ಬೆಳಗತ್ತೆ. ಪಕ್ಕದಲ್ಲಿ ಕಬ್ಬಿಣ ಇದ್ರೆ ಆ ಬೆಳಕನ್ನ ಅದು ಹೊರಗೆ ಬಿಡಲ್ಲ, ನುಂಗಿಬಿಡತ್ತೆ. ಅದಕ್ಕೇ ಆ ಮೂರು ಪಟ್ಟೆ ಕಪ್ಪಗಿವೆ. ಮೊದಲು ಹಾಲಾಗಿದ್ದ ಜಾಗಗಳು ಅವು.”

ಪರದೆ ಸರಿಸಿದರು. ನೋಟ್‌ಬುಕ್ಕನ್ನು ಅವಳ ಮುಂದಿಟ್ಟರು.

ಸಿರಿ ಪೆನ್ಸಿಲಿನ ಚಿತ್ರ ನೋಡಿದಳು. ತಾರೀಕು ನೋಡಿದಳು. ಬೆರಳು ತಾನಾಗಿ ತುಂಡಾ‌ದ ಪಟ್ಟೆಯ ಮೇಲೆ ಹೋಗಿ ನಿಂತಿತು.

“ಇದು ನಮ್ಮನೆ ಹರಳಾ?”

“ಹೌದಮ್ಮ. ನೀನು ಚಿಕ್ಕವಳಿದ್ದಾಗ ಕಳೆದುಹೋಗಿದ್ದು.”

“ಈಶಮ್ಮ,” ಎಂದಳು ಸಿರಿ. “ಏಳನೇ ಕ್ಲಾಸಿನವರೆಗೂ ನನಗೆ ಜಡೆ ಹಾಕಿದ್ದು ಈಶಮ್ಮನೇ. ಎರಡು ವರ್ಷದ ಹಿಂದೆ ಚಿಕ್ಕಲಸಂದ್ರದಲ್ಲಿ ಫ್ರೆಂಡ್ ಮದುವೆಗೆ ಹೋಗಿದ್ದೆ. ಛತ್ರದ ಹಿಂದೆ ಕೂತು ದೊಡ್ಡ ಕೊಳದಪ್ಪಲೆ ಉಜ್ಜುತ್ತಿದ್ರು. ನನ್ನ ನೋಡಿ ನಕ್ಕರು. ನಾನು ಮುಖ ತಿರುಗಿಸ್ಕೊಂಡು ಬಂದ್ಬಿಟ್ಟೆ ಅಂಕಲ್. ಕಳ್ಳಿ ಅಂತ.”

“ನೀನು ಹಾಗೆ ಅಂದ್ಕೊಂಡಿದ್ದು ನನ್ನ ಕಾಗದದಿಂದ,” ಎಂದರು ಚಿದಾನಂದ್.

ಅವಳು ತಲೆಯೆತ್ತಿದಳು. ಅವರು ಆ ದಿನದ ಸಂಗತಿಯನ್ನು, ಹೊದಿಕೆ ತೆಗೆಯದ ಮೈಕ್ರೋಸ್ಕೋಪನ್ನೂ ಬಿಡದೆ, ಹೇಳಿದರು. ಸಿರಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವರಿಗೆ.

“ನಿಮ್ಮ ಚಿಕ್ಕಪ್ಪ ಆಗ ಏನು ಕೆಲಸ ಮಾಡ್ತಿದ್ರು?”

“ಪೀಣ್ಯದಲ್ಲಿ ಫ್ಯಾಕ್ಟರಿ ಇತ್ತು. ಭಾರಿ ಕಾವು ತಡೆಯೋ ಪಿಂಗಾಣಿ ಇನ್ಸುಲೇಟರ್ ಮಾಡ್ತಿದ್ರು. ಈಗ ಮಾರಿದಾರೆ.”

ಚಿದಾನಂದ್ ಬೇರೇನೂ ಕೇಳಲಿಲ್ಲ. ಅಂಥ ಪಿಂಗಾಣಿ ಬೇಯಿಸುವ ಕುಲುಮೆಗೆ ಸಾವಿರದ ಆರುನೂರು ಡಿಗ್ರಿ ದೊಡ್ಡದಲ್ಲ.

“ಹರಳು ಇವತ್ತು ನನ್ನ ಹತ್ರ ಇರಲಿ,” ಎಂದರು. “ಮನೇಲಿ ಏನೂ ಹೇಳ್ಬೇಡ.”

*

ವಿಜಯಕುಮಾರ್ ಸಂಜೆ ಐದಕ್ಕೆ ಯಡಿಯೂರು ಕೆರೆಯ ಸುತ್ತ ನಡೆಯುತ್ತಾರೆಂದು ಸಿರಿ ಹೇಳಿದ್ದಳು. ಮೂರನೆಯ ಸುತ್ತಿನಲ್ಲಿದ್ದವರನ್ನು ಚಿದಾನಂದ್ ಕಲ್ಲುಬೆಂಚಿನ ಬಳಿ ನಿಲ್ಲಿಸಿದರು. ಎತ್ತರದ ಆಳು, ಹಣೆಯಲ್ಲಿ ವಿಭೂತಿ, ಬಿಳಿ ಬೂಟು. ಅರವತ್ತಕ್ಕೆ ಹತ್ತಿರವಿದ್ದರೂ ಏದುಸಿರಿರಲಿಲ್ಲ.

“ನೆನಪಿದೀನಾ ಸಾರ್?”

ವಿಜಯಕುಮಾರ್ ಒಂದು ಕ್ಷಣ ನೋಡಿ ಕೈಜೋಡಿಸಿದರು. “ಹರಳಿನ ಚಿದಾನಂದ್ ಅವರು. ನಿಮ್ಮನ್ನ ಮರೆಯೋದುಂಟಾ. ನನ್ನ ಮಾನ ಉಳಿಸಿದೋರು.”

“ಅದನ್ನ ವಾಪಸ್ ತಗೊಳ್ಳೋಕೆ ಬಂದೆ.”

ವಿಜಯಕುಮಾರ್ ಮುಖದಲ್ಲಿ ನಗು ಹಾಗೇ ಉಳಿಯಿತು. ಚಿದಾನಂದ್ ಎರಡು ಕಾಗದಗಳನ್ನು ಬೆಂಚಿನ ಮೇಲಿಟ್ಟರು. ಒಂದು ಹಳೆಯ ಚಿತ್ರದ ನಕಲು, ಇನ್ನೊಂದು ಆ ಬೆಳಿಗ್ಗೆ ಮೈಕ್ರೋಸ್ಕೋಪಿನಿಂದ ತೆಗೆದ ಫೋಟೋ. ಏನೂ ವಿವರಿಸಬೇಕಾಗಲಿಲ್ಲ. ವಿಜಯಕುಮಾರ್ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ, ಬೆಂಚಿನ ಮೇಲೆ ಕೂತರು. ನೀರಿನ ಕಡೆ ಮುಖ ತಿರುಗಿಸಿದರು.

“ಕಾಯಿಸಿದ್ದು ನಾನೇ,” ಎಂದರು. “ಕದ್ದಿಲ್ಲ.”

“ಮತ್ತೆ ನಿಮ್ಮ ಹತ್ರ ಹೇಗೆ ಬಂತು?”

“ಅಣ್ಣ ಕೊಟ್ಟ. ಫ್ಯಾಕ್ಟರಿ ಕುಲುಮೆಯಲ್ಲಿಟ್ಟು ಕಾಯಿಸಿ ಕೊಡು ಅಂದ.”

“ಕೊಟ್ಟೋರೇ ಹೋಗಿ ಕಳುವಾಯ್ತು ಅಂತ ದೂರು ಕೊಟ್ರಾ?”

“ಈಶ್ವರಮ್ಮನ್ನ ಮನೆಯಿಂದ ಕಳಿಸ್ಬೇಕಿತ್ತು ಅವನಿಗೆ. ಹರಳು ಒಂದು ನೆಪ. ಯಾಕೆ ಅಂತ ನಾನು ಕೇಳ್ಲಿಲ್ಲ. ಅಣ್ಣ ಅಲ್ವಾ. ಈಗ ಕೇಳೋಣ ಅಂದ್ರೆ ಅವನಿಲ್ಲ.”

“ಪೊಲೀಸರು ಹಿಡಿದಾಗ ನೀವು ಬಾಯಿ ಬಿಡಬಹುದಿತ್ತು.”

ವಿಜಯಕುಮಾರ್ ಮೊದಲ ಸಲ ಅವರ ಕಡೆ ತಿರುಗಿದರು. “ಬಿಡೋಕೇ ಕೂತಿದ್ದೆ. ಅವತ್ತು ನಿಮ್ಮ ಮಹಡಿ ಕೆಳಗಡೆ, ಜೀಪಲ್ಲಿ. ಹೌದು ಅಂತ ಬಂದ್ರೆ ಎಲ್ಲ ಹೇಳ್ಬಿಡೋಣ ಅಂತಿದ್ದೆ. ಹತ್ತು ನಿಮಿಷಕ್ಕೆ ಆ ಎಸ್‌ಐ ಇಳಿದು ಬಂದು, ‘ಆ ಹರಳಲ್ವಂತೆ, ಹೋಗಿ ಸಾರ್’ ಅಂದ. ನೀವು ಅಲ್ಲ ಅಂದ್ರಿ ಚಿದಾನಂದ್ ಅವರೇ. ದೊಡ್ಡ ಮನುಷ್ಯರು ಅಲ್ಲ ಅಂದ್ಮೇಲೆ ನಾನು ಹೌದು ಅನ್ಲಾ?”

ಆತ ಹೇಳಿದ್ದು ಸುಳ್ಳೇ ಇರಬಹುದು ಎಂದುಕೊಂಡರು ಚಿದಾನಂದ್. ಆದರೆ ಸುಳ್ಳಾದರೂ ಅದಕ್ಕೆ ಜಾಗ ಮಾಡಿಕೊಟ್ಟದ್ದು ತಾನೇ ಎಂಬುದು ನಿಜವಾಗಿತ್ತು. ಅವರೂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

ಇಬ್ಬರ ಮುಂದೆ ಒಬ್ಬ ಅಜ್ಜಿ ಮೊಮ್ಮಗುವಿಗೆ ಬಾತುಕೋಳಿ ತೋರಿಸುತ್ತ ನಿಧಾನವಾಗಿ ದಾಟಿಹೋದರು.

“ಒಂದು ಕೇಳ್ತೀನಿ,” ಎಂದರು ಚಿದಾನಂದ್. “ಬಿಳಿಚಿಕೊಂಡ ಹರಳು ಕಾಯಿಸಿದ್ರೆ ನೀಲಿಯಾಗತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಅಣ್ಣ ಹೇಳ್ದ. ಅವನಿಗೆ ನೀವೇ ಹೇಳಿದ್ದಂತಲ್ಲ. ಪರೀಕ್ಷೆಗೆ ತಂದಾಗ ಕೂರಿಸ್ಕೊಂಡು ಅರ್ಧ ಗಂಟೆ ಪಾಠ ಮಾಡಿದ್ರಂತೆ.”

ಮಾಡಿದ್ದರು. ಆ ಮಧ್ಯಾಹ್ನ ಚಿದಾನಂದರಿಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಅಷ್ಟು ಗಮನವಿಟ್ಟು ಕೇಳಿದವರು ಕಡಿಮೆ. ಹರಳನ್ನು ಅಂಗೈಯಲ್ಲಿಟ್ಟುಕೊಂಡು, “ಬಣ್ಣ ಹೊರಗಿಂದ ಹಾಕೋದಲ್ವಾ ಹಾಗಾದ್ರೆ?” ಎಂದು ಕೇಳಿದ ಧ್ವನಿ ನೆನಪಿತ್ತು. “ಇಲ್ಲಮ್ಮ, ಎಲ್ಲ ಒಳಗೇ ಇದೆ. ಒಂದರ ಪಕ್ಕ ಇನ್ನೊಂದು ಬಂದಿಲ್ಲ, ಅಷ್ಟೆ” ಎಂದು ತಾವು ಜಂಬದಿಂದ ಹೇಳಿದ್ದೂ ನೆನಪಿತ್ತು.

ಇಲ್ಲಮ್ಮ ಎಂದಿದ್ದರು.

“ವಿಜಯಕುಮಾರ್, ನನ್ನ ಹತ್ರ ಬಂದಿದ್ದು ನಿಮ್ಮಣ್ಣ ಅಲ್ಲ.”

ಆತ ಕಾಗದ ಮಡಚುತ್ತಿದ್ದ ಕೈ ನಿಲ್ಲಿಸಿದರು.

“ನಿಮ್ಮತ್ತಿಗೆ. ನೀಲಗಂಗಮ್ಮನವರು. ಒಬ್ಬರೇ ಬಂದಿದ್ರು. ತವರಿನ ಉಂಗುರ ಅಂದ್ರು. ನೋಟ್‌ಬುಕ್ಕಲ್ಲಿ ಅವರದೇ ಸಹಿ ಇದೆ. ಹೋಗುವಾಗ ಮನೆಯವರಿಗೆ ತಿಳಿಸ್ಬೇಡಿ ಅಂತ ಎರಡು ಸಲ ಹೇಳಿ ಹೋದ್ರು. ನಿಮ್ಮಣ್ಣನ್ನ ನಾನು ನೋಡಿದ್ದೇ ಕೇಸಾದ ಮೇಲೆ.”

“ಇರಬಹುದು. ಅವಳಿಂದ ಅವನಿಗೆ ಗೊತ್ತಾಗಿರತ್ತೆ.”

‘ಅವಳಿಂದ’ ಎಂಬ ಮಾತು ಚಿದಾನಂದರ ಕಿವಿಗೆ ಚುಚ್ಚಿತು. ಅತ್ತಿಗೆಯನ್ನು ಹಾಗೆ ಕರೆಯುವ ಮನೆತನವಲ್ಲ ಅದು. ಹೇಳಿದವರಿಗೂ ತಪ್ಪಿದ್ದು ತಿಳಿಯಿತೆಂದು ತೋರುತ್ತದೆ, ಆತ ಎದ್ದು ನಿಂತರು.

“ಮುಂದಿನ ಗುರುವಾರ ಸಿರಿ ನಿಶ್ಚಿತಾರ್ಥ. ಈ ವಯಸ್ಸಲ್ಲಿ ಅತ್ತಿಗೆಯವರನ್ನ ಸ್ಟೇಷನ್ ಮೆಟ್ಟಿಲು ಹತ್ತಿಸ್ಬೇಡಿ. ಹನ್ನೊಂದು ವರ್ಷ ಸುಮ್ನಿದ್ರಿ. ಇನ್ನೂ ಸುಮ್ನಿದ್ರೆ ಯಾರಿಗೂ ನಷ್ಟ ಇಲ್ಲ.”

“ಈಶ್ವರಮ್ಮನಿಗೆ?”

ವಿಜಯಕುಮಾರ್ ನಡೆದುಬಿಟ್ಟರು. ನಾಲ್ಕನೆಯ ಸುತ್ತು ಹಾಕಲಿಲ್ಲ. ನೇರ ಗೇಟಿನಿಂದ ಹೊರಗೆ ಹೋದರು.

*

ಭಾನುವಾರ ಬೆಳಿಗ್ಗೆ ಸಿರಿಯ ಸ್ಕೂಟರಿನ ಹಿಂದೆ ಕೂತು ಚಿದಾನಂದ್ ಚಿಕ್ಕಲಸಂದ್ರಕ್ಕೆ ಹೋದರು. ಅಂಗಿಯ ಜೇಬಿನಲ್ಲಿ ಒಂದು ಕಾಗದ, ಪ್ಯಾಂಟಿನ ಜೇಬಿನಲ್ಲಿ ಉಂಗುರದ ಡಬ್ಬಿ. ಕಾಗದವನ್ನು ಆ ಬೆಳಿಗ್ಗೆ ನಾಲ್ಕು ಸಲ ಬರೆದು ಹರಿದು, ಐದನೆಯ ಸಲ ಚಿಕ್ಕದಾಗಿ ಬರೆದಿದ್ದರು.

ಛತ್ರದ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ. ಈಶ್ವರಮ್ಮ ಹೊಸಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಐವತ್ತೈದರ ಆಸುಪಾಸು. ಸೋಪಿನ ಪುಡಿಗೆ ಬೆರಳುಗಳ ತುದಿ ಬಿರಿದು ಬೆಳ್ಳಗಾಗಿದ್ದವು. ಸಿರಿಯನ್ನು ಕಂಡು ಅವರ ಕೈ ನಿಂತಿತು.

“ಪುಟ್ಟಿ,” ಎಂದರು.

ಸಿರಿ ಹೆಲ್ಮೆಟ್ ಕೆಳಗಿಟ್ಟು ಅವರ ಪಕ್ಕ ನೆಲದ ಮೇಲೆ ಕೂತಳು. ಒಂದು ಹಿಡಿ ಸೊಪ್ಪು ತೆಗೆದುಕೊಂಡು ಬಿಡಿಸತೊಡಗಿದಳು.

“ನಾನು ಹರಳು ಪರೀಕ್ಷೆಯವನು,” ಎಂದರು ಚಿದಾನಂದ್, ನಿಂತೇ. “ಅವತ್ತು ಬೇರೆ ಬೇರೆ ಅಂತ ಬರೆದುಕೊಟ್ಟೋನು.”

“ಗೊತ್ತು ಸಾರ್. ಕೋರ್ಟಲ್ಲಿ ನೋಡಿದ್ದೆ.”

ಚಿದಾನಂದ್ ಕಾಗದ ತೆಗೆದು ಓದಿದರು. “೨೦೧೪ರಲ್ಲಿ ನಾನು ಕೊಟ್ಟ ಅಭಿಪ್ರಾಯ ತಪ್ಪು. ನಾನು ಸರಿಯಾಗಿ ಪರೀಕ್ಷೆ ಮಾಡಲಿಲ್ಲ. ಎರಡೂ ಒಂದೇ ಹರಳು. ಈಶ್ವರಮ್ಮನವರು ಹೇಳಿದ್ದು ನಿಜ.”

“ಕೊನೇದು ಇನ್ನೊಂದ್ಸಲ ಓದಿ.”

“ಈಶ್ವರಮ್ಮನವರು ಹೇಳಿದ್ದು ನಿಜ.”

ಆಕೆ ಮೊರದಲ್ಲಿದ್ದ ಸೊಪ್ಪನ್ನು ಒಂದು ಕಡೆಗೆ ಗುಡ್ಡೆ ಮಾಡಿದರು. “ನಮ್ಮಮ್ಮ ಕೇಳ್ಬೇಕಿತ್ತು ಇದನ್ನ. ಕೇಸು ಮುಗಿಯೋ ಮುಂಚೆ ಹೋದ್ರು. ಕೊನೆಗಾಲದಲ್ಲಿ ನನ್ನ ಕೈಯಲ್ಲಿ ಗಂಜಿ ಕುಡೀಲಿಲ್ಲ ಸಾರ್. ಕದ್ದ ಕೈ ಅಂತ.”

ಗಲ್ಲಿಯ ಕೊನೆಯಲ್ಲಿ ನೀರಿನ ಟ್ಯಾಂಕರ್ ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು.

“ಈ ಸಲ ನೋಡೋಕೆ ಎಷ್ಟೊತ್ತು ಹಿಡೀತು?” ಎಂದು ಕೇಳಿದರು ಈಶ್ವರಮ್ಮ.

“ಒಂದು ಬೆಳಗ್ಗೆ.”

“ಅವತ್ತು?”

“ಹತ್ತು ನಿಮಿಷ.”

ಆಕೆ ತಲೆಯಾಡಿಸಿದರು. ಸಿಟ್ಟಿರಲಿಲ್ಲ. ಬಹಳ ದಿನದಿಂದ ಗೊತ್ತಿದ್ದ ಲೆಕ್ಕ ತಾಳೆಯಾದಂತೆ ತಲೆಯಾಡಿಸಿದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಚಿದಾನಂದ್ ಕೈಬಿಟ್ಟರು. ಕಾಗದವನ್ನು ಎರಡೂ ಕೈಯಿಂದ ಮುಂದೆ ಹಿಡಿದರು. ಈಶ್ವರಮ್ಮ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು.

“ನಾಳೆ ಇದರ ಇನ್ನೊಂದು ಪ್ರತಿ ಸ್ಟೇಷನ್ನಿಗೆ ಕೊಡ್ತೀನಿ,” ಎಂದರು ಚಿದಾನಂದ್. “ಅದಕ್ಕೆ ಮುಂಚೆ ಒಂದು ವಿಷಯ ತಿಳೀಬೇಕಿತ್ತು. ಹರಳನ್ನ ಅಣ್ಣನೇ ಕೊಟ್ಟ ಅಂತಾರೆ ವಿಜಯಕುಮಾರ್.”

“ಅಯ್ಯನವ್ರು ಆ ವಾರ ಊರಲ್ಲೇ ಇರ್ಲಿಲ್ಲ. ತುಮಕೂರಲ್ಲಿ ಮಠದ ಕೆಲಸ ಇತ್ತು. ಪಾಪ, ಸತ್ತೋರ ಮೇಲೆ ಹಾಕ್ತಿದಾರೆ.”

“ಹಾಗಾದ್ರೆ ಕೊಟ್ಟಿದ್ದು ನೀಲಗಂಗಮ್ಮನವರಾ?”

“ಯಾರೂ ಕೊಡ್ಲಿಲ್ಲ. ಬ್ಯಾಗಿಂದ ತಗೊಂಡ್ರು.”

“ಯಾವ ಬ್ಯಾಗು ಈಶಮ್ಮ?” ಎಂದಳು ಸಿರಿ.

ಈಶ್ವರಮ್ಮ ಅವಳ ಮುಖ ನೋಡಿದರು. ಹೇಳಲೋ ಬೇಡವೋ ಎಂದು ತೂಗುತ್ತಿರುವುದು ಚಿದಾನಂದರಿಗೆ ಕಾಣುತ್ತಿತ್ತು.

“ನಿಮ್ಮಮ್ಮ ಅವತ್ತು ಮನೆ ಬಿಟ್ಟು ಹೊರಟಿದ್ರು ಪುಟ್ಟಿ. ಬಟ್ಟೆ ತುಂಬಿಟ್ಟಿದ್ದು ನಾನೇ. ಅವರದು ನಾಲ್ಕು ಸೀರೆ. ನಿನ್ನದು ಮೂರು ಜೊತೆ, ಸ್ಕೂಲ್ ಯೂನಿಫಾರಂ. ಮೇಲೆ ತವರಿನ ಉಂಗುರ. ನೀನು ಸ್ಕೂಲಿಂದ ಬಂದ ತಕ್ಷಣ ಹೋಗೋದು ಅಂತಿತ್ತು.”

ಸಿರಿಯ ಕೈಯಿಂದ ಸೊಪ್ಪಿನ ಕಡ್ಡಿ ಜಾರಿತು.

“ಅಷ್ಟರಲ್ಲಿ ಚಿಕ್ಕಯ್ಯ ಬಂದ್ರು. ಬ್ಯಾಗು ನೋಡಿದ್ರು. ಉಂಗುರ ಎತ್ತಿ ಜೇಬಿಗೆ ಹಾಕ್ಕೊಂಡು ಅಮ್ಮನಿಗೆ ಒಂದು ಮಾತಂದ್ರು. ನಾನು ಅಡಿಗೆಮನೆ ಬಾಗಿಲಲ್ಲೇ ಇದ್ದೆ. ಅವರು ಹೋದ್ಮೇಲೆ ಅಮ್ಮ ಅರ್ಧ ಗಂಟೆ ಹಾಗೇ ಕೂತಿದ್ರು. ಆಮೇಲೆ ಬಟ್ಟೆ ವಾಪಸ್ ಬೀರುಗೆ ಇಡು ಈಶ್ವರಿ ಅಂದ್ರು.”

“ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ ನೀವು?” ಚಿದಾನಂದರ ಧ್ವನಿ ತಾನಾಗಿ ತಗ್ಗಿತ್ತು.

“ಹೊಡೆತ ತಾಳ್ದೆ ಚಿಕ್ಕಯ್ಯನ ಹತ್ರ ಇದೆ ಅಂದ್ಬಿಟ್ಟೆ. ಅದೇ ಜಾಸ್ತಿ ಆಯ್ತು. ಇವಳಮ್ಮ ಜೈಲಿಗೆ ಬಂದು, ಜಾಲರಿಯೊಳಗೆ ಬೆರಳು ತೂರಿಸಿ ನನ್ನ ಬೆರಳು ಹಿಡ್ಕೊಂಡು, ಮಿಕ್ಕಿದ್ದು ಹೇಳ್ಬೇಡ ಅಂತ ಅತ್ತರು. ಹೇಳ್ಲಿಲ್ಲ.”

“ಚಿಕ್ಕಪ್ಪ ಏನಂದ್ರು ಅವತ್ತು?” ಸಿರಿ ಕೇಳಿದಳು.

ಈಶ್ವರಮ್ಮ ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು. ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು.

“ಸಾರ್, ನೀವು ಸ್ವಲ್ಪ ಹೊರಗಿರಿ. ಅದು ಇವಳ ವಿಷಯ. ಮೊದಲು ಇವಳೊಬ್ಬಳೇ ಕೇಳ್ಬೇಕು.”

ಬಾಗಿಲು ಮುಚ್ಚಿತು. ಚಿದಾನಂದ್ ಗಲ್ಲಿಯಲ್ಲಿ ನಿಂತರು. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ. ಪಕ್ಕದ ಮನೆಯ ಕುಕ್ಕರು ಎರಡು ಸಲ ಕೂಗಿತು. ಈಶ್ವರಮ್ಮ ಈ ಮನೆಯಲ್ಲಿ, ಇದೇ ಗೋಡೆಗಳ ನಡುವೆ, ಇಷ್ಟು ವರ್ಷ ಆ ಮಾತನ್ನು ಇಟ್ಟುಕೊಂಡು ಬದುಕಿದ್ದಾರೆ. ತಾನು ಅಂದು ಇನ್ನೊಂದು ಕಾಲು ಗಂಟೆ ಕೊಟ್ಟಿದ್ದರೆ ಅದು ಅಂದೇ ಹೊರಬರುತ್ತಿತ್ತು. ಹೊರಬಂದಿದ್ದರೆ ಯಾರು ಉಳಿಯುತ್ತಿದ್ದರು, ಯಾರು ಹಾಳಾಗುತ್ತಿದ್ದರು ಎಂಬುದು ಅವರಿಗೆ ತಿಳಿಯದು. ತಿಳಿಯುವ ಅವಕಾಶವನ್ನೇ ತಾನು ಕಿತ್ತುಕೊಂಡಿದ್ದೆ ಎಂಬುದು ಮಾತ್ರ ತಿಳಿಯಿತು.

ಬಾಗಿಲು ತೆರೆಯಿತು.

ಸಿರಿ ಒಬ್ಬಳೇ ಹೊರಗೆ ಬಂದಳು. ಅತ್ತ ಗುರುತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಹೆಲ್ಮೆಟ್ ಎತ್ತಿಕೊಂಡು ಸ್ಕೂಟರಿನ ಬಳಿ ಹೋಗಿ, ತಿರುಗಿ ನಿಂತಳು.

“ಎಲ್ಲಿಗಮ್ಮ? ಅಮ್ಮನ ಹತ್ರನಾ?”

“ಅಮ್ಮನ ಹತ್ರ ಅಲ್ಲ. ಚಿಕ್ಕಪ್ಪನ ಹತ್ರ.” ಅವಳು ಅಂಗೈ ಚಾಚಿದಳು. “ಆ ಉಂಗುರ ಕೊಡಿ ಅಂಕಲ್.”

ಚಿದಾನಂದ್ ಜೇಬಿಗೆ ಕೈಹಾಕಿದರು. ಡಬ್ಬಿ ಬೆರಳಿಗೆ ಸಿಕ್ಕಿತ್ತು.

“ಕೊಡ್ಬೇಡಿ ಸಾರ್.” ಈಶ್ವರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ಇನ್ನೊಂದು ಕೈಯಲ್ಲಿ ಸ್ಕೂಟರಿನ ಕೀಲಿ. “ಅವಳನ್ನ ಆ ಮನೆಗೆ ಒಬ್ಬಳೇ ಕಳಿಸ್ಬೇಡಿ. ಪುಟ್ಟಿ, ಅವತ್ತು ನಿಮ್ಮಮ್ಮ ಓಡಿಹೋಗ್ತಿದ್ದಿದ್ದು ನಿಮ್ಮಪ್ಪನಿಂದಲ್ಲ, ಚಿಕ್ಕಯ್ಯನಿಂದ.”